ತಳಮಳ ಅಳೆಯುವ ಕೊಳಗ ಯಾರ ಕೈಲಿ?

ಕೂಲಿಗೆ ಕಾಳು ಅಳೆದು ಕೊಡುತ್ತಿದ್ದ ಕಾಲದಲ್ಲಿ ಕೊಳಗ ಯಾರ ಕೈಯಲ್ಲಿತ್ತು ಅನ್ನೋದನ್ನು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ತಾನು ತಗೊಳ್ಳುವಾಗ ಗುಡ್ಡೆ ಬರುವ ಹಾಗೆ ಅಳೆದುಕೊಳ್ಳುವ ಒಡೆಯ, ಕೊಡುವಾಗ ಅಂಚಿಗೆ ಸರಿಯಾಗಿ ಕೈ ಸವರಿಬಿಡುತ್ತಿದ್ದ. ಕೊಳಗ ಒಂದೇ, ಅಳತೆ ಎರಡು.

ಕಾಳಿನ ಮಾತು ಹಾಗಿರಲಿ. ಮನುಷ್ಯನ ಒಳಗಿನ ತಳಮಳಕ್ಕೂ ಒಂದು ಕೊಳಗ ಉಂಟು. ಮನೋವೈದ್ಯರು ಅದನ್ನು ಮಾಪನ ಅನ್ನುತ್ತಾರೆ, ಸ್ಕೇಲು ಅನ್ನುತ್ತಾರೆ. ಸೊನ್ನೆಯಿಂದ ಮೂರು, ಒಂದರಿಂದ ಏಳು, ಹೀಗೆ ಅಂಕಿ ಹಾಕಿ ಇವನ ಚಡಪಡಿಕೆ ಇಷ್ಟು, ಇವಳ ಉದ್ರೇಕ ಇಷ್ಟು ಅಂತ ಬರೆದಿಡುತ್ತಾರೆ. ಸೂಜಿ ಚುಚ್ಚಬೇಕೋ, ಮಾತ್ರೆ ಹೆಚ್ಚಿಸಬೇಕೋ, ಮನೆಗೆ ಕಳಿಸಬೇಕೋ ಅನ್ನುವ ತೀರ್ಮಾನದಲ್ಲಿ ಆ ಅಂಕಿಗೂ ಪಾಲಿದೆ. ಆ ಅಂಕಿ ಯಾರ ಕಣ್ಣಿನಿಂದ ನೋಡಿ ಹಾಕಿದ್ದು ಅಂತ ಕೇಳುವ ಹಕ್ಕು ನಮಗೂ ಇದೆ.

ನಮ್ಮ ಮಾತಿನಲ್ಲಿ ಇದಕ್ಕೆ ಎರಡು ಪದಗಳಿವೆ. ಚಡಪಡಿಕೆ ಹೊರಗಿನದು. ಕೈ ಹಿಸುಕುವುದು, ಅತ್ತಿಂದಿತ್ತ ಅಲೆಯುವುದು, ಕೂತಲ್ಲಿ ಕೂರದಿರುವುದು, ನೋಡಿದವರಿಗೆಲ್ಲ ಕಾಣುತ್ತದೆ. ತಳಮಳ ಒಳಗಿನದು. ಅನುಭವಿಸಿದವನು ಬಾಯಿಬಿಟ್ಟು ಹೇಳಿದರೆ ಮಾತ್ರ ಇನ್ನೊಬ್ಬನಿಗೆ ಗೊತ್ತಾಗುವಂಥದು. ಕಳೆದ ನೂರೆಪ್ಪತ್ತು ವರ್ಷಗಳಿಗೂ ಮೀರಿದ ಈ ಅಳತೆಯ ಚರಿತ್ರೆಯನ್ನು ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಚಡಪಡಿಕೆಯನ್ನು ಅಳೆಯಲು ಓಡಿಬಂದ ಶಾಸ್ತ್ರ, ತಳಮಳವನ್ನು ಕೇಳಲು ಬಹಳ ತಡಮಾಡಿತು. ಆ ತಡವಾದ ಕಾಲದಲ್ಲಿ ಯಾರು ಯಾರು ಏಟು ತಿಂದರು ಅನ್ನೋದೇ ಈ ಬರಹದ ವಿಷಯ.

*

1851ನೇ ಇಸವಿ. ಅಮೆರಿಕದ ಲೂಯಿಸಿಯಾನಾ ರಾಜ್ಯ. ಹತ್ತಿ, ಕಬ್ಬಿನ ತೋಟಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದ ಜನರ ಮಕ್ಕಳು, ಮೊಮ್ಮಕ್ಕಳು ಗುಲಾಮರಾಗಿ ದುಡಿಯುತ್ತಿದ್ದ ಕಾಲ. ಹಿಂದಿನ ವರ್ಷವಷ್ಟೇ, 1850ರಲ್ಲಿ, ಓಡಿಹೋದ ಗುಲಾಮರನ್ನು ಹಿಡಿದು ಒಡೆಯನಿಗೆ ಒಪ್ಪಿಸಬೇಕೆಂಬ ಕಠಿಣ ಕಾನೂನು ಬಂದಿತ್ತು. ಆಗ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ಆ ರಾಜ್ಯದ ವೈದ್ಯರ ಸಂಘದ ಮುಂದೆ ಒಂದು ವರದಿ ಓದಿದ. ಗುಲಾಮರು ಓಡಿಹೋಗುವುದು ಒಂದು ಮನೋರೋಗ ಅಂತ ಅವನ ಶೋಧನೆ. ಗ್ರೀಕ್ ಭಾಷೆಯಿಂದ ಪದ ಹೆಕ್ಕಿ ಅದಕ್ಕೆ 'ಡ್ರಾಪೆಟೋಮೇನಿಯಾ' ಅಂತ ನಾಮಕರಣ ಮಾಡಿದ. ಓಡಿಹೋಗುವ ಹುಚ್ಚು ಅಂತ ಅರ್ಥ.

ಈ ರೋಗಕ್ಕೆ ಅವನು ಮುನ್ಸೂಚನೆಯನ್ನೂ ಕೊಟ್ಟ. ಓಡುವ ಮುಂಚೆ ಗುಲಾಮ ಮುಖ ಗಂಟಿಕ್ಕಿಕೊಳ್ಳುತ್ತಾನೆ, ಅತೃಪ್ತನಾಗಿರುತ್ತಾನೆ. ಮೊದಲು ಕಾರಣ ವಿಚಾರಿಸಬೇಕು, ಹೊಟ್ಟೆಬಟ್ಟೆಗೆ ಕೊರತೆ ಮಾಡಬಾರದು. ಕಾರಣವಿಲ್ಲದೆ ಮುನಿಸು ತೋರಿದರೆ ಚಾವಟಿಯಿಂದ ಬಾರಿಸಬೇಕು. ಇದು ಚಿಕಿತ್ಸೆ! ದೇವರೇ ಬೈಬಲ್ಲಿನಲ್ಲಿ ಇವರನ್ನು ಮೊಣಕಾಲೂರುವವರನ್ನಾಗಿ ಮಾಡಿದ್ದಾನೆ, ಒಡೆಯ ಇವರನ್ನು ಸರಿಸಮಾನ ಅಂತ ಕಂಡರೆ ರೋಗ ಬರುತ್ತದೆ ಅಂತಲೂ ವಾದಿಸಿದ. ಮನುವಿನ ಹೆಸರು ಕೇಳಿ ಬೆಳೆದ ನಮಗೆ ಈ ಶೈಲಿ ಹೊಸದಲ್ಲ. ಅಲ್ಲಿ ವೇದದ ಬದಲು ಬೈಬಲ್ಲು, ಪುರೋಹಿತನ ಬದಲು ವೈದ್ಯ, ಅಷ್ಟೆ.

ಅವನೇ ಹೆಸರಿಟ್ಟ ಇನ್ನೊಂದು ರೋಗ 'ಡಿಸೆಸ್ತೇಸಿಯಾ ಈಥಿಯೋಪಿಕಾ'. ಕೆಲಸದಲ್ಲಿ ಉದಾಸೀನ, ಸಾಮಾನು ಮುರಿಯುವುದು, ಬೆಳೆ ಹಾಳುಮಾಡುವುದು ಇದರ ಲಕ್ಷಣ. ಬಿಡುಗಡೆಯಾದ ಕಪ್ಪು ಜನರಲ್ಲಿ ಇದು ತುಂಬ ಹೆಚ್ಚು ಅಂದ. ಮದ್ದು ಏನು ಗೊತ್ತೇ? ಬಿಸಿನೀರಿನಲ್ಲಿ ತೊಳೆದು, ಮೈಗೆಲ್ಲ ಎಣ್ಣೆ ಹಚ್ಚಿ, ಅಗಲವಾದ ಚರ್ಮದ ಪಟ್ಟಿಯಿಂದ ಬಡಿದು ಆ ಎಣ್ಣೆಯನ್ನು ಮೈಗೆ ಇಳಿಸುವುದು. ಆಮೇಲೆ ಬಿಸಿಲಲ್ಲಿ ಮೈಮುರಿಯುವ ಕೆಲಸಕ್ಕೆ ಹಚ್ಚುವುದು.

ನಮ್ಮೂರುಗಳಲ್ಲಿ ಜೀತದಾಳು ಎದುರು ಮಾತಾಡಿದರೆ ಗೌಡರು 'ಸೊಕ್ಕು' ಅನ್ನುತ್ತಿದ್ದರು, 'ಕೊಬ್ಬು' ಅನ್ನುತ್ತಿದ್ದರು, 'ತಲೆ ತಿರುಗ್ಯದೆ ನನ್ಮಗನಿಗೆ' ಅನ್ನುತ್ತಿದ್ದರು. ಅವರಿಗೆ ಗ್ರೀಕ್ ಬರುತ್ತಿರಲಿಲ್ಲ. ಬಂದಿದ್ದರೆ ನಮ್ಮ ತಾತಂದಿರಿಗೂ ಒಂದೊಂದು ರೋಗದ ಹೆಸರು ಸಿಗುತ್ತಿತ್ತು.

ಕಾರ್ಟ್‌ರೈಟ್ ಒಬ್ಬನೇ ತಲೆಕೆಟ್ಟವನು, ಉಳಿದ ಶಾಸ್ತ್ರ ಶುದ್ಧ ಅಂತ ತಿಳಿಯಬಾರದು. ಅವನಿಗಿಂತ ಮುಂಚೆ ಸರ್ಕಾರದ ಅಂಕಿಗಳೇ ಸುಳ್ಳು ಹೇಳಿದ್ದವು. 1840ರ ಅಮೆರಿಕದ ಜನಗಣತಿಯಲ್ಲಿ ಹುಚ್ಚರ ಲೆಕ್ಕವನ್ನೂ ತೆಗೆದರು. ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳಲ್ಲಿ 162 ಕಪ್ಪು ಜನರಿಗೆ ಒಬ್ಬ ಹುಚ್ಚ, ಗುಲಾಮಗಿರಿ ಇರುವ ದಕ್ಷಿಣದಲ್ಲಿ 1,558 ಜನರಿಗೆ ಒಬ್ಬ ಅಂತ ಬಂತು. ನೋಡಿದಿರಾ, ಸ್ವಾತಂತ್ರ್ಯ ಕೊಟ್ಟರೆ ಇವರಿಗೆ ಹುಚ್ಚು ಹಿಡಿಯುತ್ತದೆ ಅಂತ ಗುಲಾಮಗಿರಿಯ ವಕೀಲರು ಕುಣಿದಾಡಿದರು. 1844ರಲ್ಲಿ ವಿದೇಶಾಂಗ ಮಂತ್ರಿಯಾಗಿದ್ದ ಜಾನ್ ಕ್ಯಾಲ್ಹೂನ್ ಈ ಅಂಕಿಯನ್ನೇ ಹಿಡಿದು ಗುಲಾಮಗಿರಿಯನ್ನು ಸಮರ್ಥಿಸಿದ.

ಎಡ್ವರ್ಡ್ ಜಾರ್ವಿಸ್ ಎಂಬ ವೈದ್ಯ ಕಾಗದಗಳನ್ನು ಕೆದಕಿ ನೋಡಿದ. ಒಬ್ಬನೇ ಒಬ್ಬ ಕಪ್ಪು ಮನುಷ್ಯ ಇಲ್ಲದ ಊರುಗಳಲ್ಲೂ ಕಪ್ಪು ಹುಚ್ಚರ ಲೆಕ್ಕ ಬರೆದಿತ್ತು. ವೋರ್ಸೆಸ್ಟರ್ ಎಂಬ ಊರಿನಲ್ಲಿ 151 ಕಪ್ಪು ಜನರಲ್ಲಿ 133 ಮಂದಿ ಹುಚ್ಚರು ಅಂತ ಇತ್ತು. ಆ 133 ಜನ ಯಾರು ಅಂದರೆ ಅಲ್ಲಿನ ಆಸ್ಪತ್ರೆಯ ಬಿಳಿಯ ರೋಗಿಗಳು! ಜೇಮ್ಸ್ ಮೆಕ್ಯೂನ್ ಸ್ಮಿತ್ ಎಂಬ ಕಪ್ಪು ವೈದ್ಯನೂ 1844ರಲ್ಲಿ ಈ ಲೆಕ್ಕದ ಟೊಳ್ಳನ್ನು ಬಯಲಿಗೆಳೆದ. ಹುಟ್ಟಿನಿಂದ ಗುಲಾಮನಾಗಿದ್ದು, ಅಮೆರಿಕದ ಕಾಲೇಜುಗಳು ಸೇರಿಸಿಕೊಳ್ಳದೆ ಹೋದಾಗ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗಿ ವೈದ್ಯನಾಗಿ ಬಂದವನು ಅವನು. ಆದರೂ ಜನಗಣತಿಯನ್ನು ಸರ್ಕಾರ ತಿದ್ದಲಿಲ್ಲ. ಅಂಕಿ ಅನ್ನುವುದು ತಾನಾಗಿ ನ್ಯಾಯವಂತ ಅಲ್ಲ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

*

ಇಷ್ಟು ಕೇಳಿದ ಮೇಲೆ, ಮನೋರೋಗ ಅನ್ನೋದೇ ಸುಳ್ಳು, ಎಲ್ಲ ವ್ಯವಸ್ಥೆಯ ಪಿತೂರಿ ಅಂತ ಕೆಲವು ಗೆಳೆಯರು ಹೇಳಬಹುದು. ನಾನು ಒಪ್ಪುವುದಿಲ್ಲ. ರಾತ್ರಿಯೆಲ್ಲ ನಿದ್ದೆಯಿಲ್ಲದೆ, ಕಾಣದವರ ದನಿಗೆ ಹೆದರಿ ಗೋಡೆಗೆ ತಲೆ ಚಚ್ಚಿಕೊಳ್ಳುವ ಮಗನನ್ನು ಕಂಡ ತಾಯಿಗೆ ಈ ಮಾತು ಹೇಳಿ ನೋಡಿ. ರೋಗ ನಿಜ, ಸಂಕಟ ನಿಜ. ಉಳ್ಳವರ ಮನೆಯ ರೋಗಿಗೆ ಡಾಕ್ಟರು, ನಮ್ಮ ಕೇರಿಯ ರೋಗಿಗೆ ದೆವ್ವ ಬಿಡಿಸುವವನ ಬೇವಿನ ಸೊಪ್ಪಿನ ಏಟು ಅನ್ನುವುದೂ ಒಂದು ಅನ್ಯಾಯವೇ.

ಯುರೋಪಿನಲ್ಲೂ ಬಹುಕಾಲ ಚಿಕಿತ್ಸೆ ಅಂದರೆ ಸರಪಳಿಯಾಗಿತ್ತು. ಪ್ಯಾರಿಸ್ಸಿನ ಬಿಸೇತ್ರ್ ಆಸ್ಪತ್ರೆಯಲ್ಲಿ ಹುಚ್ಚರ ಸರಪಳಿ ಬಿಚ್ಚಿಸಿದವನು ಫಿಲಿಪ್ ಪಿನೆಲ್ ಅಂತ ಪಠ್ಯಪುಸ್ತಕಗಳು ಹೇಳುತ್ತವೆ, ದೊಡ್ಡ ದೊಡ್ಡ ಚಿತ್ರಗಳನ್ನೂ ಬರೆದಿದ್ದಾರೆ. ಆದರೆ 1797ರಲ್ಲಿ ಅಲ್ಲಿ ಸರಪಳಿ ಬಿಚ್ಚಿದವನು ವಾರ್ಡಿನ ಮೇಲ್ವಿಚಾರಕ ಜಾನ್ ಬಾಪ್ಟಿಸ್ಟ್ ಪುಸಾಂ. ಅವನ ಮೂಲ ಕಸುಬು ಚರ್ಮ ಹದಮಾಡುವುದು. ತಾನೇ ಗಂಡಮಾಲೆಯ ರೋಗಿಯಾಗಿ ಆ ಆಸ್ಪತ್ರೆಗೆ ಸೇರಿ, ವಾಸಿಯಾಗಿ, ಅಲ್ಲೇ ಕೆಲಸಕ್ಕೆ ನಿಂತವನು. ಚರ್ಮ ಹದಮಾಡಿದ ಕೈ ಸರಪಳಿ ಬಿಚ್ಚಿತು, ಹೆಸರು ಡಾಕ್ಟರನಿಗೆ ಹೋಯಿತು. ಇದನ್ನು ನಾವು ನೆನಪಿಡಬೇಕು.

ಒಳಗಿನ ತಳಮಳಕ್ಕೆ ವೈದ್ಯಶಾಸ್ತ್ರದಲ್ಲಿ ಮೊದಲ ಹೆಸರುಗಳಲ್ಲೊಂದು ಬಂದದ್ದು ಪ್ರಾಗ್ ನಗರದಿಂದ. 1901ರಲ್ಲಿ ಲಾಡಿಸ್ಲಾವ್ ಹಾಶ್ಕೊವೆಟ್ಸ್ ಎಂಬ ಚೆಕ್ ವೈದ್ಯ ಇಬ್ಬರು ರೋಗಿಗಳನ್ನು ವಿವರಿಸಿದ. ಇಬ್ಬರಿಗೂ ಕೂರಲಾಗುತ್ತಿರಲಿಲ್ಲ. ಕೂರಿಸಿದರೆ ತಮ್ಮ ಇಚ್ಛೆ ಮೀರಿ ಎದ್ದುಬಿಡುತ್ತಿದ್ದರು. ಇದಕ್ಕೆ ಅವನು 'ಅಕಥೀಸಿಯಾ' ಅಂದ. ಕೂರಲಾರದಿರುವುದು ಅಂತ ಅರ್ಥ.

ಈ ಪದ ಅರ್ಧ ಶತಮಾನ ಮೂಲೆಯಲ್ಲಿತ್ತು. ಆಮೇಲೆ ಎರಡು ಔಷಧಿಗಳು ಬಂದವು. ಒಂದು, 1952ರಲ್ಲಿ ಪ್ಯಾರಿಸ್ಸಿನ ಸೇಂತ್ ಆನ್ ಆಸ್ಪತ್ರೆಯಲ್ಲಿ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ಉದ್ರಿಕ್ತ ರೋಗಿಗಳಿಗೆ ಕೊಟ್ಟು ನೋಡಿದ ಕ್ಲೋರ್‌ಪ್ರೊಮಜಿನ್. ಇನ್ನೊಂದು ನಮ್ಮ ನೆಲದ ಸರ್ಪಗಂಧದ ಬೇರು. ಬಿಹಾರದ ಕಡೆ ನಾಟಿವೈದ್ಯರು ಅದನ್ನು 'ಪಾಗಲ್ ಕಾ ದವಾ', ಹುಚ್ಚಿನ ಮದ್ದು ಅಂತ ಕೊಡುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದರ ಬಗ್ಗೆ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿ ಆ ಬೇರಿನಿಂದ ರಿಸರ್ಪಿನ್ ತೆಗೆಯಿತು. ಬೇರನ್ನು ಮೊದಲು ಗುರುತಿಸಿದವರ ಹೆಸರು ಚರಿತ್ರೆಯಲ್ಲಿ ಉಳಿಯಲಿಲ್ಲ.

ಈ ಔಷಧಿಗಳಿಂದ ವಾರ್ಡುಗಳು ಶಾಂತವಾದವು, ಸಾವಿರಾರು ಜನ ಮನೆಗೆ ಮರಳಿದರು. ಆದರೆ ಅದೇ 1950ರ ದಶಕದಲ್ಲೇ ವೈದ್ಯರಿಗೆ ಒಂದು ವಿಚಿತ್ರ ಕಂಡಿತು. ಶಾಂತಗೊಳಿಸಲು ಕೊಟ್ಟ ಮದ್ದೇ ಕೆಲವರನ್ನು ಕೂತಲ್ಲಿ ಕೂರದ ಹಾಗೆ, ನಿಂತಲ್ಲಿ ನಿಲ್ಲದ ಹಾಗೆ ಮಾಡುತ್ತಿತ್ತು. ಹಾಶ್ಕೊವೆಟ್ಸ್ ಇಟ್ಟ ಹೆಸರು ಮತ್ತೆ ಹೊರಗೆ ಬಂತು. ಈ ಸಲ ರೋಗದ ಹೆಸರಾಗಿ ಅಲ್ಲ, ಮದ್ದಿನ ಹಾನಿಯ ಹೆಸರಾಗಿ.

*

ಹೊಸ ಔಷಧಿಗಳ ಬೆನ್ನಿಗೇ ಅಳತೆಯ ಕಾಲ ಶುರುವಾಯಿತು. ಯಾವ ಮಾತ್ರೆ ಎಷ್ಟು ಕೆಲಸ ಮಾಡಿತು ಅಂತ ತೋರಿಸಬೇಕಾದರೆ ಅಂಕಿ ಬೇಕಲ್ಲ! 1960ರಲ್ಲಿ ಇಂಗ್ಲೆಂಡಿನ ಮ್ಯಾಕ್ಸ್ ಹ್ಯಾಮಿಲ್ಟನ್ ಖಿನ್ನತೆ ಅಳೆಯುವ ಪಟ್ಟಿ ಮಾಡಿದ. ಅದರಲ್ಲಿ ಉದ್ರೇಕಕ್ಕೆ ಒಂದು ಸಾಲು. ಕೈ ಹಿಸುಕುತ್ತಾನೋ, ಉಗುರು ಕಚ್ಚುತ್ತಾನೋ, ಕೂದಲು ಕಿತ್ತುಕೊಳ್ಳುತ್ತಾನೋ ನೋಡಿ ಅಂಕಿ ಹಾಕಬೇಕು. 1962ರಲ್ಲಿ ಓವರಾಲ್ ಮತ್ತು ಗೋರ್ಹಮ್ ಎಂಬುವರ ಪಟ್ಟಿ ಬಂತು. 1978ರಲ್ಲಿ ಯಂಗ್ ಮತ್ತು ಜೊತೆಯವರು ಉನ್ಮಾದಕ್ಕೆ 11 ಅಂಶಗಳ ಪಟ್ಟಿ ಮಾಡಿದರು. 1987ರಲ್ಲಿ ಕೇ ಮತ್ತು ಜೊತೆಯವರು ಸ್ಕಿಜೋಫ್ರೇನಿಯಾಕ್ಕೆ 30 ಅಂಶಗಳ ಪಟ್ಟಿ ತಂದರು. ಮರೆವಿನ ರೋಗದ ಮುದುಕರಿಗೆ ಕೋಹೆನ್ ಮ್ಯಾನ್ಸ್‌ಫೀಲ್ಡ್ ಎಂಬಾಕೆ 1980ರ ದಶಕದಲ್ಲಿ 29 ವರ್ತನೆಗಳ ಪಟ್ಟಿ ಮಾಡಿದರು.

ಈ ಪಟ್ಟಿಗಳು ಬೇಡವೇ ಬೇಡ ಅಂತ ಹೇಳಲಾಗದು. ಹೊರಗಿನಿಂದ ನೋಡಿದರೆ ಎಲ್ಲರ ಚಡಪಡಿಕೆಯೂ ಒಂದೇ ತರ. ಒಳಗೆ ನೋಡಿದರೆ ಬೇರೆ ಬೇರೆ. ಉನ್ಮಾದದಲ್ಲಿರುವವನಿಗೆ ಮೈತುಂಬ ಶಕ್ತಿ ಉಕ್ಕುತ್ತಿರುತ್ತದೆ, ಜಗತ್ತೇ ನಿಧಾನ ಅನ್ನಿಸುತ್ತದೆ. ಖಿನ್ನತೆಯವಳ ಅಲೆದಾಟದಲ್ಲಿ ಬೇಗುದಿ ಇರುತ್ತದೆ, ಬದುಕೇ ಬೇಡ ಅನ್ನುವ ಉರಿ ಇರುತ್ತದೆ. ದನಿ ಕೇಳುವವನು ಭಯಕ್ಕೆ ಓಡಾಡುತ್ತಾನೆ. ಕುಡಿತ ಒಮ್ಮೆಲೇ ಬಿಟ್ಟವನ ನಡುಕ, ಗಾಬರಿ ಬೇರೆ. ಮರೆವಿನ ಮುದುಕಿ ಉಚ್ಚೆ ಕಟ್ಟಿಯೋ ಹಲ್ಲು ನೊಂದೋ ಹೇಳಲಾಗದೆ ಕೂಗುತ್ತಿರಬಹುದು. ಮದ್ದಿನಿಂದ ಅಕಥೀಸಿಯಾ ಬಂದವನಿಗೆ ಸಾಮಾನ್ಯವಾಗಿ ಕಾಲಿನಲ್ಲೇ ಸಂಕಟ. ಇವರೆಲ್ಲರಿಗೂ ಒಂದೇ ಸೂಜಿ ಚುಚ್ಚಿದರೆ ಒಬ್ಬನಿಗೆ ಗುಣ, ಇನ್ನೊಬ್ಬನಿಗೆ ಕೇಡು. ಮದ್ದಿನಿಂದ ಬಂದ ಚಡಪಡಿಕೆಯನ್ನು ರೋಗವೇ ಉಲ್ಬಣಿಸಿತು ಅಂತ ತಪ್ಪಾಗಿ ತಿಳಿದರೆ ಮದ್ದು ಹೆಚ್ಚಿಸುತ್ತಾರೆ. ಮದ್ದು ಹೆಚ್ಚಿದರೆ ಚಡಪಡಿಕೆ ಹೆಚ್ಚುತ್ತದೆ. ಅದಕ್ಕೆ ಮತ್ತೂ ಮದ್ದು. ಗಾಣದ ಎತ್ತಿನ ಸುತ್ತು.

ಆದ್ದರಿಂದ ಅಳತೆ ಬೇಕು. ನನ್ನ ತಕರಾರು ಅಳತೆಯ ಸಾಲುಗಳೊಳಗೆ ಸೇರಿಕೊಂಡಿರುವ ಯಜಮಾನಿಕೆಯ ಬಗ್ಗೆ. ಸ್ಕಿಜೋಫ್ರೇನಿಯಾದ ಆ 30 ಅಂಶಗಳಲ್ಲಿ ಉದ್ರೇಕ ಅಳೆಯಲು ಐದನ್ನು ಆರಿಸಿಕೊಳ್ಳುತ್ತಾರೆ. ಉತ್ತೇಜನ, ಹಗೆತನ, ಬಿಗುವು, ಮನೋವೇಗಕ್ಕೆ ಕಡಿವಾಣವಿಲ್ಲದಿರುವುದು, ಐದನೆಯದು ಅಸಹಕಾರ. ಹೇಳಿದ ಮಾತು ಕೇಳದಿದ್ದರೆ ಅದಕ್ಕೂ ಒಂದರಿಂದ ಏಳರವರೆಗೆ ಅಂಕಿ! ಮುದುಕರ ಪಟ್ಟಿಯಲ್ಲಿ 'ಬೇರೆ ಕಡೆಗೆ ಹೋಗಲು ಯತ್ನಿಸುವುದು' ಅನ್ನುವುದೂ ಒಂದು ವರ್ತನೆ. ಕೋಣೆಯಿಂದ, ಕಟ್ಟಡದಿಂದ ಹೊರಗೆ ಹೋಗಲು ನೋಡುವುದು. ದಾರಿ ತಪ್ಪಿ ಬೀಳುವ ಮುದುಕಿಯನ್ನು ಕಾಯಲೇಬೇಕು, ನಿಜ. ಆದರೂ ಈ ಸಾಲು ಓದುವಾಗ 1851ರ ಲೂಯಿಸಿಯಾನಾ ನೆನಪಿಗೆ ಬಾರದೆ ಇರುವುದೇ? ಕೋಹೆನ್ ಮ್ಯಾನ್ಸ್‌ಫೀಲ್ಡ್ ಅವರನ್ನು ಮೆಚ್ಚಬೇಕು. ಈ ವರ್ತನೆಗಳ ಹಿಂದೆ ಈಡೇರದ ಅಗತ್ಯಗಳಿರುತ್ತವೆ, ನೋವು, ಒಂಟಿತನ, ಬೇಸರ ಇರುತ್ತವೆ, ಮೊದಲು ಅದನ್ನು ಹುಡುಕಿ ಅಂತ ಮುಂದೆ ಅವರೇ ವಾದಿಸಿದರು.

*

ಅಸಹಕಾರ ರೋಗವಾಗುವುದು ಬರೀ ಕಾಗದದ ಮೇಲಿನ ಭಯ ಅಲ್ಲ. 1960ರ ದಶಕದ ಅಮೆರಿಕ ನೋಡಿ. ನಾಗರಿಕ ಹಕ್ಕುಗಳ ಹೋರಾಟ ಬೀದಿಗೆ ಬಂದಿತ್ತು. 1966ರಲ್ಲಿ ಓಕ್‌ಲ್ಯಾಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತು. ಅದರ ಹೆಸರಿನಿಂದಲೇ ಸ್ಫೂರ್ತಿ ಪಡೆದು 1972ರಲ್ಲಿ ಮುಂಬಯಿಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿದ್ದು ನಮಗೆಲ್ಲ ಗೊತ್ತು. 1967ರಲ್ಲಿ ಡೆಟ್ರಾಯಿಟ್ ನಗರ ಹೊತ್ತಿ ಉರಿಯಿತು. 1968ರಲ್ಲಿ ಬ್ರೋಂಬರ್ಗ್ ಮತ್ತು ಸೈಮನ್ ಎಂಬ ಇಬ್ಬರು ಮನೋವೈದ್ಯರು ಹೆಸರಾಂತ ಪತ್ರಿಕೆಯೊಂದರಲ್ಲಿ ಬರೆದರು: ಕಪ್ಪು ಜನರಲ್ಲಿ 'ಪ್ರತಿಭಟನೆಯ ಸೈಕೋಸಿಸ್' ಎಂಬ ಹೊಸ ಬಗೆಯ ಹುಚ್ಚು ಕಾಣುತ್ತಿದೆ, ಬಿಳಿಯರ ಮೌಲ್ಯಗಳನ್ನು ತಿರಸ್ಕರಿಸುವುದೂ ಅದರ ಲಕ್ಷಣ!

1974ರಲ್ಲಿ ಅದೇ ಪತ್ರಿಕೆಯಲ್ಲಿ ಹ್ಯಾಲ್ಡಾಲ್ ಎಂಬ ಔಷಧಿಯ ಜಾಹೀರಾತು ಬಂತು. ನಗರದ ಬೀದಿಯಲ್ಲಿ ಮುಷ್ಟಿ ಬಿಗಿದ, ಸಿಟ್ಟಿನ ಮುಖದ ಕಪ್ಪು ಗಂಡಸಿನ ಚಿತ್ರ. ಹೊಡೆಯಲು ಬರುತ್ತಾನೆಯೆ, ಜಗಳಕ್ಕೆ ನಿಲ್ಲುತ್ತಾನೆಯೆ ಅಂತ ಪ್ರಶ್ನೆ. ಸಹಕಾರ ಶುರುವಾಗುವುದು ಹಲವು ಸಲ ಈ ಮದ್ದಿನಿಂದಲೇ ಅನ್ನುವ ಅರ್ಥದ ಉತ್ತರ. ಬಿಗಿದ ಮುಷ್ಟಿ ಕಪ್ಪು ಜನರ ಹೋರಾಟದ ಗುರುತು ಅಂತ ಜಾಹೀರಾತು ಮಾಡಿದವನಿಗೆ ಗೊತ್ತಿರಲಿಲ್ಲವೇ? ಈ ಜಾಹೀರಾತನ್ನೂ ಈ ಚರಿತ್ರೆಯನ್ನೂ ಜೊನಾಥನ್ ಮೆಟ್ಜಲ್ ಎಂಬ ಮನೋವೈದ್ಯ ತಮ್ಮ ಪುಸ್ತಕದಲ್ಲಿ ವಿವರವಾಗಿ ಬಿಚ್ಚಿಟ್ಟಿದ್ದಾರೆ. ಅವರು ಮಿಶಿಗನ್ ರಾಜ್ಯದ ಅಯೋನಿಯಾ ಆಸ್ಪತ್ರೆಯ ಹಳೆಯ ದಾಖಲೆ ನೋಡಿದರು. ಒಂದು ಕಾಲಕ್ಕೆ ಸ್ಕಿಜೋಫ್ರೇನಿಯಾ ಅಂದರೆ ಬಿಳಿಯ ಹೆಂಗಸರ ಸಾಧು ರೋಗ ಅನ್ನುವಂತಿದ್ದುದು, 1960ರ ದಶಕದಲ್ಲಿ ಡೆಟ್ರಾಯಿಟಿನ ಕಪ್ಪು ಗಂಡಸರ ಹಿಂಸೆಯ ರೋಗವಾಗಿ ಬದಲಾಗಿತ್ತು. ಕೊನೆಗೆ ಆ ಆಸ್ಪತ್ರೆಯೇ ಸೆರೆಮನೆಯಾಯಿತು.

ಇದು ಬಂಡವಾಳಶಾಹಿ ಅಮೆರಿಕದ ಪಾಪ ಮಾತ್ರ ಅಂತ ನಮ್ಮ ಎಡಪಂಥದ ಗೆಳೆಯರು ಕೈತೊಳೆದುಕೊಳ್ಳುವಂತಿಲ್ಲ. ಸೋವಿಯತ್ ಒಕ್ಕೂಟದಲ್ಲಿ ಸರ್ಕಾರವನ್ನು ಟೀಕಿಸಿದವರಿಗೆ 'ಮಂದಗತಿಯ ಸ್ಕಿಜೋಫ್ರೇನಿಯಾ' ಅಂತ ಚೀಟಿ ಅಂಟಿಸಿದರು. ಲಿಯೊನಿದ್ ಪ್ಲ್ಯುಶ್ಚ್ ಎಂಬ ಉಕ್ರೇನಿನ ಗಣಿತಜ್ಞನನ್ನು 1972ರಲ್ಲಿ ಬಂಧಿಸಿ, ಆಮೇಲೆ ವಿಶೇಷ ಮಾನಸಿಕ ಆಸ್ಪತ್ರೆಗೆ ತಳ್ಳಿ ಹ್ಯಾಲೊಪೆರಿಡಾಲ್ ಕೊಟ್ಟರು. ಹ್ಯಾಲ್ಡಾಲ್ ಅಂದರೂ ಇದೇ ಮದ್ದು. 1976ರಲ್ಲಿ ಅವನು ಬಿಡುಗಡೆಯಾಗಿ ಪ್ಯಾರಿಸ್ಸಿಗೆ ಬಂದು ಇದನ್ನೆಲ್ಲ ಲೋಕಕ್ಕೆ ಹೇಳಿದ. ಬಾವುಟದ ಬಣ್ಣ ಯಾವುದಾದರೂ ಇರಲಿ, ಕೊಳಗ ಹಿಡಿದವನು ಒಡೆಯನಾದರೆ ಅಳತೆ ಇಷ್ಟೇ.

*

ತಿರುವು ಬಂದದ್ದು ರೋಗಿಯನ್ನೇ ಕೇಳಿದಾಗ. 1974ರಲ್ಲಿ ಥಿಯೋಡರ್ ವ್ಯಾನ್ ಪುಟೆನ್ ಎಂಬ ಅಮೆರಿಕದ ವೈದ್ಯ, ಸ್ಕಿಜೋಫ್ರೇನಿಯಾದವರು ಮಾತ್ರೆ ಯಾಕೆ ಬೇಡ ಅನ್ನುತ್ತಾರೆ ಅಂತ ಹುಡುಕಿದ. ಸೊಕ್ಕಿಗೆ, ಬುದ್ಧಿಯಿಲ್ಲದೆ ಅಂತ ಉಳಿದವರು ತಿಳಿದಿದ್ದರು. ಅವನಿಗೆ ಕಂಡದ್ದು, ಮಾತ್ರೆ ಒಲ್ಲೆ ಅಂದವರಲ್ಲಿ ಮದ್ದಿನಿಂದ ಬಂದ ಮೈಕಷ್ಟ, ಅದರಲ್ಲೂ ಅಕಥೀಸಿಯಾದ ಸಂಕಟ. ನೋಡಿ, 'ಅಸಹಕಾರ'ಕ್ಕೆ ಕಾರಣ ಇತ್ತು. ಕೇಳಿದವರು ಇರಲಿಲ್ಲ.

1989ರಲ್ಲಿ ಲಂಡನ್ನಿನ ಥಾಮಸ್ ಬಾರ್ನ್ಸ್ ಒಂದು ಸಣ್ಣ ಮಾಪನ ಮಾಡಿದ. ರೋಗಿಯನ್ನು ಕೂರಿಸಿ ಎರಡು ನಿಮಿಷವಾದರೂ, ನಿಲ್ಲಿಸಿ ಎರಡು ನಿಮಿಷವಾದರೂ, ಲೋಕಾಭಿರಾಮ ಮಾತಾಡುತ್ತ ನೋಡಬೇಕು. ಕಾಲು ಸವರುತ್ತಾನೋ, ಕಾಲಿಂದ ಕಾಲಿಗೆ ಭಾರ ಬದಲಿಸುತ್ತಾನೋ, ಅದಕ್ಕೆ ಸೊನ್ನೆಯಿಂದ ಮೂರು. ಇಲ್ಲಿಯವರೆಗೆ ಹಳೆಯದೇ. ಮುಂದೆ ಎರಡು ಸಾಲು ಬೇರೆ ಇವೆ. ಒಳಗೆ ತಳಮಳ ಅನ್ನಿಸುತ್ತದೆಯೆ ಅಂತ ಕೇಳಿ ಒಂದು ಅಂಕಿ. ಅದರಿಂದ ಎಷ್ಟು ಸಂಕಟ ಅಂತ ಕೇಳಿ ಇನ್ನೊಂದು. ಕೊನೆಗೆ ಎಲ್ಲ ಸೇರಿಸಿ ಸೊನ್ನೆಯಿಂದ ಐದರವರೆಗೆ ಒಟ್ಟು ತೀರ್ಮಾನ. ಹೊರಗೆ ಕಾಲು ಎಷ್ಟೇ ಆಡಲಿ, ಒಳಗೆ ತಳಮಳ ಇಲ್ಲ ಅಂತ ರೋಗಿ ಹೇಳಿದರೆ ಒಟ್ಟು ಅಂಕಿ ಸೊನ್ನೆ. ಅಂದರೆ ಈ ಕೊಳಗದ ಒಂದು ಹಿಡಿ ರೋಗಿಯ ಕೈಯಲ್ಲಿದೆ. ಹೀಗೆ ಗುರುತಿಸಿದರೆ ಮದ್ದು ಇಳಿಸಬಹುದು, ಬದಲಿಸಬಹುದು, ಪ್ರೊಪ್ರನಲಾಲ್‌ನಂಥ ಮಾತ್ರೆ ಕೊಟ್ಟು ನೋಡಬಹುದು. 2015ರಲ್ಲಿ ವೃದ್ಧರ ಮನೋವೈದ್ಯರ ಅಂತಾರಾಷ್ಟ್ರೀಯ ಸಂಘ ಮರೆವಿನ ರೋಗಿಗಳ ಉದ್ರೇಕಕ್ಕೆ ವ್ಯಾಖ್ಯೆ ಬರೆದಾಗಲೂ, ವರ್ತನೆಯಲ್ಲಿ ಮನಸ್ಸಿನ ಸಂಕಟ ಕಾಣಬೇಕು ಅನ್ನುವ ಷರತ್ತು ಹಾಕಿತು. ನೋಡುವವನಿಗೆ ತೊಂದರೆ ಅನ್ನುವಷ್ಟೇ ಸಾಲದು ಅಂತಾಯಿತು.

*

ಇದೆಲ್ಲ ದೂರದೇಶದ ಕಥೆ, ನಮಗೇನು ಅನ್ನಬೇಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ದರ್ಗಾ ಬಳಿ ಸರಪಳಿ ಬಿಗಿದು ಇಟ್ಟಿದ್ದ 28 ಮನೋರೋಗಿಗಳು ಗುಡಿಸಲಿಗೆ ಬೆಂಕಿ ಬಿದ್ದು ಸತ್ತರು. ಪುಸಾಂ ಸರಪಳಿ ಬಿಚ್ಚಿ ಇನ್ನೂರು ವರ್ಷ ದಾಟಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ಕೂಡದು ಅಂತ ನಿಷೇಧಿಸಿತು. ನಮ್ಮ ರಾಜ್ಯದಲ್ಲಿ ಒಳ್ಳೆಯ ಕೆಲಸವೂ ಆಗಿದೆ. 1974ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆ ಆ ದಶಕದಲ್ಲೇ ಸಕಲವಾರದ ಸುತ್ತಿನ ಹಳ್ಳಿಗಳಿಗೆ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಗೆ ಮನೋಚಿಕಿತ್ಸೆಯನ್ನು ಒಯ್ದಿತು. ಆ ಬಳ್ಳಾರಿಯೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಇಷ್ಟಾದರೂ ಒಂದು ಕೆಲಸ ಬಾಕಿ ಇದೆ, ಅದು ಭಾಷೆಯದು. ಕಾಗದದ ಮೇಲಿನ ಪ್ರಶ್ನೆ ಇಂಗ್ಲಿಷಿನದು. ಅದನ್ನು ಕೇಳುವವರು ಹೆಚ್ಚಾಗಿ ಓದಿದ ಮನೆಯವರು. ಉತ್ತರ ಹೇಳಬೇಕಾದವಳು ಕಳೆ ಕೀಳುವ ಅವ್ವ. 'ನಿಮಗೆ ಆಂತರಿಕ ಅಶಾಂತಿ ಇದೆಯೇ' ಅಂತ ಕೇಳಿದರೆ ಆಕೆ ಮಿಕಮಿಕ ನೋಡುತ್ತಾಳೆ. ಕಾಗದದಲ್ಲಿ ಸೊನ್ನೆ ಬೀಳುತ್ತದೆ. ಅವಳ ಮಾತಿನಲ್ಲಿ ಅದು 'ಹೊಟ್ಟೇಲಿ ಸಂಕಟ', 'ಎದೆ ಹಿಂಡ್ತದೆ', 'ಕಾಲು ಸೆಳೀತದೆ', 'ಜೀವ ನಿಲ್ಲಾಕಿಲ್ಲ ಅಂತದೆ'. ಈ ಮಾತುಗಳನ್ನು ಕಲಿಯದ ಮಾಪನ ಎಷ್ಟು ದೊಡ್ಡ ಪತ್ರಿಕೆಯಲ್ಲಿ ಅಚ್ಚಾಗಿದ್ದರೂ ನಮಗೆ ಕುರುಡು. ಇನ್ನು ಕೇಳುವ ದನಿ. 'ಏಯ್, ಸುಮ್ಕೆ ಕೂತ್ಕಳೋ' ಅಂದವನಿಗೆ ಯಾರು ಒಳಗಿನದನ್ನು ಹೇಳುತ್ತಾರೆ? 'ಏನಪ್ಪಾ, ಒಳಗೆ ಏನಾಗ್ತಾ ಅದೆ, ಹೇಳು' ಅಂದರೆ ಮೊದಲ ಸಲ ಅಲ್ಲದಿದ್ದರೂ ಎರಡನೇ ಸಲ ಬಾಯಿ ಬಿಡುತ್ತಾನೆ. ಹುಟ್ಟಿದಾಗಿನಿಂದ ಏಕವಚನದಲ್ಲಿ ಗದರಿಸಿಕೊಂಡವರಿಗೆ ಈ ಒಂದು ಮಾತಿನ ಬೆಲೆ ಗೊತ್ತು.

ಹೊಸದಾಗಿ ಡಿಗ್ರಿ ಮಾಡಿ ನರ್ಸುಗಳಾಗಿ, ಸಮಾಜಕಾರ್ಯಕರ್ತರಾಗಿ, ಡಾಕ್ಟರುಗಳಾಗಿ ಹೊರಬರುತ್ತಿರುವ ನಮ್ಮ ಕೇರಿಗಳ ಹುಡುಗ ಹುಡುಗಿಯರೇ, ಆ ಕಾಗದ ಇನ್ನು ನಿಮ್ಮ ಕೈಗೆ ಬರುತ್ತದೆ. ಓಡುವವನನ್ನು ಕಂಡರೆ ಯಾವುದರಿಂದ ಓಡುತ್ತಿದ್ದಾನೆ ಅಂತ ಕೇಳಿ. ಮಾತ್ರೆ ಉಗಿದವಳನ್ನು ಕಂಡರೆ ಮಾತ್ರೆ ಏನು ಮಾಡಿತು ಅಂತ ಕೇಳಿ. ರೋಗವಿದ್ದರೆ ಮದ್ದು ಕೊಡಿಸಿ, ಅನ್ಯಾಯವಿದ್ದರೆ ಅನ್ಯಾಯ ಅಂತ ಬರೆಯಿರಿ, ಎರಡೂ ಇದ್ದರೆ ಎರಡನ್ನೂ ಬರೆಯಿರಿ. ಅಂಕಿ ಹಾಕುವ ಮುಂಚೆ ಎರಡು ನಿಮಿಷ ಅವರ ಜೊತೆ ಕೂತು ಮಾತಾಡಿ.